ಪಯಣ ಮುಗಿಸಿ ಮನೆಗೆ ಬಂದವಳು

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಸೌಟಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಬೇರೆ ಹೆಸರು ಇದ್ದಿರಲೇಬೇಕು. ಈಗ ಕೇಳಿದರೆ ಗಂಡನೂ ಸ್ವಲ್ಪ ಯೋಚಿಸಿ ಹೇಳಬೇಕು. ಹೆಣ್ಣುಮಕ್ಕಳ ವಸತಿ ಶಾಲೆಯ ಅಡುಗೆಮನೆಯಲ್ಲಿ ಕೂದಲು ಕಪ್ಪಗಿದ್ದಾಗ ಹಿಡಿದ ಸೌಟನ್ನು ಕೂದಲು ಬೆಳ್ಳಗಾದ ಮೇಲೂ ಅವಳು ಕೆಳಗಿಟ್ಟಿರಲಿಲ್ಲ.

ಅಲ್ಲಿ ಮೂರು ಒಲೆ. ನಡುವಿನದು ಅವಳದು. ಅದರ ಉರಿ ಒಂದು ಪಕ್ಕಕ್ಕೆ ವಾಲುತ್ತಿತ್ತು, ಹಾಗಾಗಿ ಪಾತ್ರೆಯನ್ನು ಸ್ವಲ್ಪ ಸರಿಸಿ ಇಡಬೇಕು. ಅದರ ಮೇಲೆ ಕೂರುವ ಕೊಪ್ಪರಿಗೆ ಎಷ್ಟು ದೊಡ್ಡದೆಂದರೆ, ತಿಕ್ಕಬೇಕಾದರೆ ಅರ್ಧ ಮೈ ಒಳಗಿಳಿಸಬೇಕು. ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಒಂದು ಕಿಟಕಿ, ಮಕ್ಕಳು ತಿಂದ ತಟ್ಟೆಗಳು ವಾಪಸು ಬರುವುದು ಅಲ್ಲಿಂದ. ತಟ್ಟೆ ಖಾಲಿ ಬಂದರೆ ಊಟ ಚೆನ್ನಾಗಿತ್ತು, ತುಂಬಿ ಬಂದರೆ ಚೆನ್ನಾಗಿರಲಿಲ್ಲ. ಅಡುಗೆಯ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಅಭಿಪ್ರಾಯವೊಂದು ಲೋಕದಲ್ಲಿ ಇರಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದವನು ಎದುರುಮನೆಯ ಟೈಲರ್. ಒಂದು ದಿನ ಸೌಟಕ್ಕ ಹಿತ್ತಲಲ್ಲಿ ಕುಂಬಳಕಾಯಿ ಹೆಚ್ಚುತ್ತಾ ಅತ್ತೆಯ ಜೊತೆ ಜಗಳವಾಡುತ್ತಿದ್ದಳು. ಟೈಲರ್ ಅದನ್ನು ಗೋಡೆಯ ಆಚೆಯಿಂದ ಫೋನಿನಲ್ಲಿ ಹಿಡಿದು ಟಿ.ವಿ.ಯ ಅಡುಗೆ ಸ್ಪರ್ಧೆಗೆ ಕಳಿಸಿಬಿಟ್ಟ. ಅವರು ಕುಂಬಳಕಾಯಿ ನೋಡಿ ಕರೆದರೋ ಜಗಳ ನೋಡಿ ಕರೆದರೋ, ಅಂತೂ ಕರೆದರು. ಬೀದಿಗೆ ಬೀದಿಯೇ ಹಿಗ್ಗಿತು. ಸಿಟಿ ಬಸ್ ಓಡಿಸುವ ಗಂಡ ಮಾತ್ರ "ಊಂ" ಎಂದ. ಅವನು ಎಲ್ಲದಕ್ಕೂ ಹಾಗೆಯೇ ಅನ್ನುವುದು.

ರಜೆ ಕೇಳಲು ಹೋದಾಗ ಶಾಲೆಯ ವಾರ್ಡನ್ನಮ್ಮ ಬಹಳ ಹೊತ್ತು ಕನ್ನಡಕ ಒರೆಸಿದರು. ಅವರ ಕೋಣೆಯಲ್ಲಿ ಟಿ.ವಿ. ಇಲ್ಲ, ಮಕ್ಕಳಿಗಂತೂ ಇಲ್ಲವೇ ಇಲ್ಲ. ಟಿ.ವಿ. ನೋಡಿದರೆ ಕಣ್ಣೂ ಹೋಗುತ್ತದೆ, ಬುದ್ಧಿಯೂ ಹೋಗುತ್ತದೆ ಎಂದು ನಂಬಿದವರು ಅವರು.

"ಹೋಗಿ ಬನ್ನಿ. ಆದ್ರೆ ನಿಮ್ಮ ಜಾಗಕ್ಕೆ ಯಾರನ್ನಾದ್ರೂ ನೀವೇ ನಿಲ್ಸಿ ಹೋಗ್ಬೇಕು. ವಾಪಸು ಬಂದ ದಿನ ನಿಮ್ಮ ಒಲೆ ನಿಮಗೆ."

ಸೌಟಕ್ಕ ನಿಲ್ಲಿಸಿದ್ದು ತನ್ನ ಓರಗಿತ್ತಿಯನ್ನು. ಮೈದುನನ ಹೆಂಡತಿ, ಮೂರು ಮಕ್ಕಳ ತಾಯಿ, ಶಾಲೆಯ ಹಿಂದಿನ ಓಣಿಯಲ್ಲೇ ಮನೆ. ಹೊರಗಿನವರನ್ನು ಇಟ್ಟರೆ ಒಲೆ ಬಿಟ್ಟುಕೊಡಲಿಕ್ಕಿಲ್ಲ, ಮನೆಯವಳಾದರೆ ಭಯವಿಲ್ಲ ಎಂದು ಲೆಕ್ಕ ಹಾಕಿದಳು. ಎಂಥ ಜಾಣರೂ ಒಮ್ಮೆ ಇಂಥ ಲೆಕ್ಕ ಹಾಕುತ್ತಾರೆ.

ಸ್ಪರ್ಧೆಯವರು ಮೊದಲು ಕೇಳಿದ್ದು ಅಡುಗೆಯನ್ನಲ್ಲ, ಕಷ್ಟವನ್ನು. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಒಬ್ಬ ಹುಡುಗ ಅವಳನ್ನು ದೀಪಗಳ ಎದುರು ಕೂರಿಸಿ, "ನಿಮ್ಮ ಜೀವನದ ಕಷ್ಟ ಹೇಳಿ ಅಮ್ಮಾ" ಎಂದ.

ಸೌಟಕ್ಕ ಪ್ರಾಮಾಣಿಕವಾಗಿ ಯೋಚಿಸಿದಳು. "ಸಿಲಿಂಡರ್ ಸಮಯಕ್ಕೆ ಸರಿಯಾಗಿ ಬರಲ್ಲ."

"ಅದಲ್ಲ. ಹೇಳಿದ್ರೆ ಅಳು ಬರ್ಬೇಕು, ಅಂಥದ್ದು."

"ಸಿಲಿಂಡರ್ ಬರ್ದೆ ಇದ್ದಾಗ ನೀನು ಬಂದು ನೋಡು, ಅಳು ತಾನಾಗೇ ಬರುತ್ತೆ."

ಅವಳ ಪಕ್ಕದ ಒಲೆಯವನು ವ್ಯಾಯಾಮ ಕಲಿಸುವ ಒಬ್ಬ ಕಟ್ಟುಮಸ್ತಾದ ಹುಡುಗ. ಈರುಳ್ಳಿ ಸುಲಿಯುವ ಮೊದಲೇ ಅವನಿಗೆ ಕಣ್ಣೀರು ಬರುತ್ತಿತ್ತು. ಅಜ್ಜಿ ನೆನಪಾಗಿ ಅತ್ತ, ಅಜ್ಜಿಯ ಬಾಣಲೆ ನೆನಪಾಗಿ ಅತ್ತ, ಅಕ್ಕಿ ಅರೆಬೆಂದಿದ್ದಕ್ಕೆ ಎಲ್ಲರಿಗಿಂತ ಜೋರಾಗಿ ಅತ್ತ. ತೀರ್ಪುಗಾರರೂ ಅತ್ತರು. ಅರೆಬೆಂದ ಅನ್ನ ಮುಂದಿನ ವಾರಕ್ಕೆ ಹೋಯಿತು.

ತೀರ್ಪುಗಾರರು ಇಬ್ಬರು, ಒಬ್ಬ ಬಿಳಿ ಕೋಟಿನ ಬಾಣಸಿಗ, ಇನ್ನೊಬ್ಬರು ಗುಂಗುರು ಕೂದಲಿನ ಮೇಡಮ್. ಒಂದು ವಾರ 'ನಿಮ್ಮ ಬಾಲ್ಯವನ್ನು ತಟ್ಟೆಯಲ್ಲಿ ತೋರಿಸಿ' ಎಂದರು. ಸೌಟಕ್ಕ ಆಲೂಗಡ್ಡೆ ಬೇಯಿಸಿಟ್ಟಳು. ಅವಳ ಬಾಲ್ಯದಲ್ಲಿ ಇದ್ದದ್ದು ಅದೊಂದೇ. ಮೇಡಮ್ ಚೂರು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ಇದ್ರಲ್ಲಿ ಆಲೂಗಡ್ಡೆ ಕಾಣ್ತಾ ಇದೆ. ಆದ್ರೆ ನೀವು ಕಾಣ್ತಾ ಇಲ್ಲ."

"ನಾನು ಇಲ್ಲೇ ನಿಂತಿದ್ದೀನಲ್ಲ ಮೇಡಮ್."

ಜನ ನಕ್ಕರು. ನಕ್ಕಿದ್ದರಿಂದ ಆ ವಾರ ಉಳಿದಳು.

ಅವಳನ್ನು ಕೆಡವಿದ್ದು ಉಪ್ಪು. ಶಾಲೆಯಲ್ಲಿ ಅವಳದು ಕೈ ಅಳತೆ. ಡಬ್ಬಕ್ಕೆ ಕೈ ಹಾಕಿದರೆ ಬರುವ ಹಿಡಿ ಕೊಪ್ಪರಿಗೆಗೆ ಸರಿಯಾಗಿರುತ್ತಿತ್ತು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಸ್ಪರ್ಧೆಯಲ್ಲಿ ಕೊಟ್ಟದ್ದು ಬೊಂಬೆಯಾಟದ ಪಾತ್ರೆಯಷ್ಟು ಪುಟ್ಟ ಬಾಣಲೆ. ಮೊದಲ ವಾರಗಳಲ್ಲಿ ಕೈಯನ್ನು ಬೈದು ಬೈದು ಹದ್ದುಬಸ್ತಿನಲ್ಲಿಟ್ಟಿದ್ದಳು. ಆ ದಿನ ಮಾತ್ರ ಗಡಿಯಾರ ಟಿಕ್ ಟಿಕ್ ಎನ್ನುವಾಗ, ಪಕ್ಕದಲ್ಲಿ ಹುಡುಗ ಬಿಕ್ಕುವಾಗ, ಕೈ ತನ್ನ ಹಳೆಯ ಮನೆಗೆ ಹೊರಟುಹೋಯಿತು. ಉಪ್ಪಿಗಿಂತ ರುಚಿಯಿಲ್ಲ ಎನ್ನುತ್ತಾರೆ. ಬಿಳಿ ಕೋಟಿನವನು ಒಂದು ಚಮಚ ಬಾಯಿಗಿಟ್ಟು ನೀರಿನ ಬಾಟಲಿ ಹುಡುಕಿದ.

ಆಮೇಲೆ ಆ ಸ್ಪರ್ಧೆಯ ಮಾಮೂಲು ಮಾತು ಬಂತು. "ಈ ಅಡುಗೆಮನೆಯಲ್ಲಿ ನಿಮ್ಮ ಪಯಣ ಇಲ್ಲಿಗೆ ಮುಗಿಯಿತು." ಹಿಂದಿನ ದೊಡ್ಡ ಪರದೆಯಲ್ಲಿ ಅವಳ ನಗುವ ಫೋಟೋ ನಿಧಾನವಾಗಿ ಬಣ್ಣ ಕಳೆದುಕೊಂಡು ಕಪ್ಪುಬಿಳುಪಾಯಿತು. ಪಿಟೀಲು ನುಡಿಯಿತು. ಯಾರನ್ನು ಕಳಿಸಿದರೂ ಅವರು ಹೀಗೆಯೇ ಮಾಡುವುದು.

ಕುತ್ತಿಗೆಚೀಟಿಯ ಹುಡುಗ ವ್ಯಾನು ಹತ್ತಿಸುತ್ತಾ ಹೇಳಿದ. "ಇದು ಟಿ.ವಿ.ಯಲ್ಲಿ ಬರೋತನಕ ಯಾರಿಗೂ ಹೇಳೋ ಹಾಗಿಲ್ಲ ಅಮ್ಮಾ. ಗಂಡನಿಗೂ ಇಲ್ಲ. ಕೆಲ್ಸಕ್ಕೂ ವಾಪಸು ಹೋಗ್ಬೇಡಿ, ಹೋದ್ರೆ ಗೊತ್ತಾಗ್ಬಿಡುತ್ತೆ. ಸೋಮವಾರದ ಮರುಪ್ರಸಾರ ಮುಗಿದ್ಮೇಲೆ ನೀವು ಸ್ವತಂತ್ರರು."

ಅತ್ತ ದರಿ, ಇತ್ತ ಪುಲಿ. ಟಿ.ವಿ.ಯಲ್ಲಿ ಬರಲು ಇನ್ನೂ ಒಂದು ತಿಂಗಳಿತ್ತು. ಮನೆಯಲ್ಲಿ "ಮಧ್ಯ ಬಿಡುವು ಕೊಟ್ಟಿದ್ದಾರೆ" ಎಂದಳು. ಗಂಡ "ಊಂ" ಎಂದ. ಅವಳು ಬಾಯಿಗೆ ಬೀಗ ಹಾಕಿಕೊಂಡು ಕೂತಳು, ಅಲ್ಲಿ ಓರಗಿತ್ತಿ ಅವಳ ಒಲೆಯ ಮುಂದೆ ಬೇರು ಬಿಡುತ್ತಿದ್ದಳು. ಮೈದುನ ಬಂದಾಗಲೆಲ್ಲ ಸುದ್ದಿ ತರುತ್ತಿದ್ದ. ಡಬ್ಬಗಳ ಜಾಗ ಬದಲಾಯಿತಂತೆ. ಕೊಪ್ಪರಿಗೆಗೆ ಹೊಸ ಮುಚ್ಚಳ ಬಂತಂತೆ. ಮಕ್ಕಳು ಓರಗಿತ್ತಿಯನ್ನು ಚಿಕ್ಕಕ್ಕ ಎಂದು ಕರೆಯತೊಡಗಿದರಂತೆ. ಒಂದೊಂದು ಸುದ್ದಿಗೂ ಸೌಟಕ್ಕ ಮನೆಯ ಪಾತ್ರೆಗಳನ್ನು ಇನ್ನೊಮ್ಮೆ ತಿಕ್ಕಿಡುತ್ತಿದ್ದಳು. ಅವಳಿಗೆ ಬಹುಮಾನ ಬೇಕಿರಲಿಲ್ಲ, ಆ ವಾಲುವ ಉರಿ ವಾಪಸು ಸಿಕ್ಕಿದರೆ ಸಾಕಿತ್ತು.

ಭಾನುವಾರ ಸಂಜೆಯಾದರೆ ಬೀದಿ ಅವಳ ಮನೆಯ ಮುಂದಿನ ಕೋಣೆಗೆ ಬಂದು ತುಂಬುತ್ತಿತ್ತು. ಸ್ಪರ್ಧಿಯ ಮನೆಯಲ್ಲೇ ಸ್ಪರ್ಧೆ ನೋಡುವ ಭಾಗ್ಯ ಎಲ್ಲರಿಗೂ ಬರುತ್ತದೆಯೇ? ತಾನು ಎಡವುವ ವಾರ ಯಾವುದೆಂದು ತಿಳಿದೂ ತಿಳಿಯದವಳಂತೆ ಅವಳು ನೆಲದ ಮೇಲೆ ಕೂರುತ್ತಿದ್ದಳು.

ನೀರು ಕಾಯಿಸಲೂ ಹೆಂಡತಿಯನ್ನು ಕರೆಯುವ ಟೈಲರ್ ಪರದೆಗೆ ಬೆರಳು ತೋರಿಸಿ ಹೇಳುವನು. "ಅಕ್ಕಾ, ಅಡುಗೆ ಮಾಡಿದ್ದೇನೋ ಸರಿ, ತಟ್ಟೆ ಅಂಚು ಒರೆಸ್ಲಿಲ್ಲ ನೀವು. ಅಂಚೇ ಮುಖ್ಯ."

"ನೀನು ಹೊಲಿದ ಅಂಗಿ ಅಂಚು ಎರಡು ಒಗೆತಕ್ಕೆ ಬಿಚ್ಕೊಳ್ಳುತ್ತೆ. ಮೊದ್ಲು ಅದು ನೋಡು."

"ಅದು ಬೇರೆ ಮಾತು. ನಾನು ಪ್ರೇಕ್ಷಕನಾಗಿ ಹೇಳ್ತಾ ಇದ್ದೀನಿ."

ಅತ್ತೆಗೆ ಕಿವಿ ಮಂದ. ಮಾತು ಪೂರ್ತಿ ಕೇಳಿಸುತ್ತಿರಲಿಲ್ಲ, ಅಳು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಹಾಗಾಗಿ ಅವರ ಬೆಂಬಲ ಸೊಸೆಗಲ್ಲ, ವ್ಯಾಯಾಮದ ಹುಡುಗನಿಗೆ. "ಎಷ್ಟು ಚೆನ್ನಾಗಿ ಅಳ್ತಾನೆ ನೋಡು. ತಾಯಿ ಒಳ್ಳೆ ಸಂಸ್ಕಾರ ಕೊಟ್ಟಿದ್ದಾಳೆ. ನೀನೂ ಇದ್ದೀಯ, ಕಲ್ಲು ನುಂಗಿದ ಹಾಗೆ ನಿಂತಿದ್ದೀಯ."

"ಅಳ್ತಾ ನಿಂತ್ರೆ ತಳ ಹತ್ತುತ್ತೆ ಅತ್ತೆ."

"ಅವನದ್ದೂ ಹತ್ತಿತ್ತು, ಆದ್ರೂ ಗೆದ್ದ."

ನಿಜ ಹೇಳಿದರೆ, ಸ್ಪರ್ಧೆಯ ಬಗ್ಗೆ ಆ ಕೋಣೆಯಲ್ಲಿ ಹುಟ್ಟಿದ ಅಭಿಪ್ರಾಯಗಳಲ್ಲಿ ಸತ್ಯಕ್ಕೆ ಹತ್ತಿರವಾದದ್ದು ಅತ್ತೆಯದೇ.

ಕೊನೆಗೆ ಆ ಭಾನುವಾರ ಬಂತು. ಉಪ್ಪು ಬಿತ್ತು, ಬಾಟಲಿ ಬಂತು, ಪಿಟೀಲು ನುಡಿಯಿತು, ಫೋಟೋ ಬಣ್ಣ ಕಳೆದುಕೊಂಡಿತು. ಟೈಲರಿಗೆ ನಿಜವಾಗಿಯೂ ದುಃಖವಾಯಿತು. ಅವನು ಪರದೆಯ ಕಪ್ಪುಬಿಳುಪು ಮುಖವನ್ನು ಫೋನಿನಲ್ಲಿ ಹಿಡಿದು, ಕೆಳಗೆ ಎರಡು ಸಾಲು ಬರೆದು, ಅವಳನ್ನು ಬಲ್ಲವರಿಗೆಲ್ಲ ಕಳಿಸಿದ. "ನಮ್ಮ ಹೆಮ್ಮೆಯ ಸೌಟಕ್ಕನ ಪಯಣ ಇಂದು ಮುಗಿಯಿತು. ಭಾರವಾದ ಮನಸ್ಸಿನಿಂದ ಬೀಳ್ಕೊಡುತ್ತಿದ್ದೇವೆ." ಬಲ್ಲವರಲ್ಲಿ ವಾರ್ಡನ್ನಮ್ಮನೂ ಒಬ್ಬರು. ಶಾಲೆಯ ಸಮವಸ್ತ್ರ ಹೊಲಿಯುವವನು ಅವನೇ.

ಸೋಮವಾರ ಬೆಳಗ್ಗೆ ಸೌಟಕ್ಕ ಸ್ನಾನಕ್ಕೆ ಹೋಗಿದ್ದಾಗ ಮನೆಯ ಫೋನು ಬಡಿದುಕೊಂಡಿತು. ಎತ್ತಿದ್ದು ಅತ್ತೆ. ಆ ಮಾತುಕತೆ ಹೇಗೆ ನಡೆಯಿತೆಂಬುದನ್ನು ಸೌಟಕ್ಕ ಆಮೇಲೆ ಎರಡೂ ಕಡೆಯವರ ಬಾಯಿಂದ ಕೇಳಿ ಜೋಡಿಸಿಕೊಂಡಳು.

"ಅಮ್ಮಾ, ನಿಮ್ಮ ಸೊಸೆ ಹೋದ್ರಂತೆ?" ಎಂದರು ವಾರ್ಡನ್ನಮ್ಮ, ಅಳು ತಡೆದುಕೊಂಡು.

"ಹೂಂ ಕಣಮ್ಮ, ಹೋದ್ಲು. ಉಪ್ಪಿನಿಂದ ಹೋದ್ಲು. ಉಪ್ಪು ಜಾಸ್ತಿ ಅಂತ ನಾನು ಮೊದ್ಲಿಂದ ಹೇಳ್ತಾನೇ ಇದ್ದೆ, ಕೇಳ್ಬೇಕಲ್ಲ."

"ಅಯ್ಯೋ, ಬಿ.ಪಿ.ನಾ?"

"ಟೀವೀಲೇ, ಎಲ್ಲರ ಎದುರಿಗೇ."

"ನಿನ್ನೇನಾ?"

"ನಿನ್ನೆ ಎಲ್ಲಿ ಬಂತು. ಆಗಿ ಒಂದು ತಿಂಗಳಾಯ್ತಂತೆ. ಬಾಯಿ ಬಿಡ್ಬಾರ್ದು ಅಂತ ಕಂಪನಿಯವರು ಕಟ್ಟು ಮಾಡಿದ್ರಂತೆ. ನಮಗೂ ಗೊತ್ತಾಗಿದ್ದು ನಿನ್ನೇನೇ."

ವಾರ್ಡನ್ನಮ್ಮ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. "ತಿಂಗಳಿಂದ... ಎಲ್ಲಿಟ್ಟಿದ್ರು?"

"ಎಲ್ಲಿ ಅಂದ್ರೆ, ಮನೇಲೇ. ಹಿಂದಿನ ಕೋಣೇಲಿ. ಹೊರಗೆ ಹೋಗೋ ಹಾಗಿರ್ಲಿಲ್ಲ."

ಸೌಟಕ್ಕ ತಲೆ ಒರೆಸಿಕೊಳ್ಳುತ್ತಾ ಬಂದಾಗ ಅತ್ತೆ ಫೋನಿಟ್ಟು, "ವಾರ್ಡನ್ನಮ್ಮ ಮಾಡಿದ್ರು. ಪಾಪ, ನಿನಗೋಸ್ಕರ ಎಷ್ಟು ಅತ್ರು ಗೊತ್ತಾ" ಎಂದರು. ಸೌಟಕ್ಕನ ಕಣ್ಣೂ ತುಂಬಿತು. ಒಂದು ಸೋಲಿಗೆ ಇಷ್ಟು ಮರುಗುವ ಹೆಂಗಸು ತನ್ನ ಒಲೆಯನ್ನು ಕಾಪಾಡದೆ ಇರುತ್ತಾಳೆಯೇ? ಮರುಪ್ರಸಾರ ಮುಗಿಯಲಿ, ನಾಳೆ ಬೆಳಗ್ಗೆಯೇ ಹೊರಡುತ್ತೇನೆ ಎಂದುಕೊಂಡಳು.

ಅತ್ತ ವಾರ್ಡನ್ನಮ್ಮ ತಿಂಡಿಯ ಹೊತ್ತಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಡುಗೆಯಕ್ಕ ಇನ್ನಿಲ್ಲ ಎಂದು ಹೇಳಿ, ಒಂದು ದಿನ ರಜೆ ಕೊಟ್ಟರು. ಗಣಿತದ ಪರೀಕ್ಷೆಯೂ ಮುಂದಕ್ಕೆ ಹೋಯಿತು. ಆಮೇಲೆ ಬಂದ ಟೀಚರುಗಳಲ್ಲಿ ಹಿಂದಿನ ಸಂಜೆ ಟಿ.ವಿ. ನೋಡಿದವರು ಇದ್ದೇ ಇದ್ದರು. ಆದರೆ ರಜೆ ಕೊಟ್ಟ ಸಾವನ್ನು ಸುಳ್ಳು ಎನ್ನುವ ಟೀಚರು ಇನ್ನೂ ಹುಟ್ಟಿಲ್ಲ. ಅವರು ತಲೆ ತಗ್ಗಿಸಿ ಮೌನ ಆಚರಿಸಿ, ಮನೆಗೆ ಹೋಗಿ ಮಲಗಿದರು.

ಆ ಶಾಲೆಯಲ್ಲಿ ಒಂದು ಹಳೆಯ ನಿಯಮ ಇತ್ತು. ಕೆಲಸದಲ್ಲಿದ್ದವರು ತೀರಿಕೊಂಡರೆ ಜಾಗ ಅವರ ಮನೆಯವರಿಗೇ. ವಾರ್ಡನ್ನಮ್ಮ ಅಡುಗೆಮನೆಗೆ ಹೋಗಿ ಓರಗಿತ್ತಿಯ ಭುಜದ ಮೇಲೆ ಕೈಯಿಟ್ಟು, "ನಿಮಗಿಂತ ಹತ್ತಿರದವರು ಯಾರಿದ್ದಾರೆ, ಈ ಒಲೆ ಇನ್ನು ನಿಮ್ಮದೇ" ಎಂದರು. ಓರಗಿತ್ತಿ ಹಿಂದಿನ ಸಂಜೆ ಟಿ.ವಿ. ನೋಡಿದ್ದಳು. ಪಯಣ ಎಂದರೆ ಏನು, ಮುಗಿಯಿತು ಎಂದರೆ ಏನು, ಎಲ್ಲ ಅವಳಿಗೆ ಗೊತ್ತು. ಅವಳು ಸುಳ್ಳು ಹೇಳಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದಳು, ಕಣ್ಣಲ್ಲಿ ನೀರಿತ್ತು, ಅಷ್ಟೇ. ಅಂದೇ ನೇಮಕದ ಆದೇಶ ಸಿದ್ಧವಾಗಿ ಆಡಳಿತ ಮಂಡಳಿಗೆ ಹೋಯಿತು.

ಮಂಗಳವಾರ ಬೆಳಗ್ಗೆ ಸೌಟಕ್ಕ ಶಾಲೆಯ ಗೇಟಿಗೆ ಬಂದಾಗ ಕಾವಲುಗಾರ ತನ್ನ ಕುರ್ಚಿಯ ಹಿಂದೆ ಸರಿದು ನಿಂತ.

"ಯಾಕಣ್ಣ, ಗುರುತು ಸಿಗ್ಲಿಲ್ವಾ?"

"ಸಿಕ್ತಕ್ಕ. ಅದಕ್ಕೇ ಈ ಕಡೆ ನಿಂತಿದ್ದೀನಿ."

ಊಟದ ಹಾಲಿನ ಗೋಡೆಯಲ್ಲಿ ಅವಳ ಕಪ್ಪುಬಿಳುಪು ಫೋಟೋ ಇತ್ತು. ಕೆಳಗೆ ಹೂವು, ಮಕ್ಕಳು ಬರೆದು ಅಂಟಿಸಿದ ಸಾಲುಗಳು. 'ನಿಮ್ಮ ಆಲೂಗಡ್ಡೆಯನ್ನು ಎಂದೂ ಮರೆಯೆವು.' ಅದರ ಮುಂದೆ ಎಷ್ಟು ಹೊತ್ತು ನಿಂತಳೋ. ಬದುಕಿದ್ದಾಗ ಒಬ್ಬಳೂ ಆಲೂಗಡ್ಡೆ ಚೆನ್ನಾಗಿದೆ ಅಂದಿರಲಿಲ್ಲವಲ್ಲ ಎಂಬುದು ಅವಳ ಮನಸ್ಸಿಗೆ ಮೊದಲು ಬಂದ ಯೋಚನೆ.

ಕೂಗು, ಓಟ, ನೀರು ಚಿಮುಕಿಸುವುದು ಎಲ್ಲ ಮುಗಿದ ಮೇಲೆ ವಾರ್ಡನ್ನಮ್ಮ ಕುರ್ಚಿಯಲ್ಲಿ ಕುಸಿದು ಕೂತರು. ಸಂತೋಷವೂ ಆಗಿತ್ತು, ಸಂಕಟವೂ ಆಗಿತ್ತು.

"ನೀವು ಬದುಕಿರೋದು ಒಳ್ಳೇದೇ. ಆದ್ರೆ ಆದೇಶ ಹೊರಟುಹೋಗಿದೆ. ಮಂಡಳಿಯವರು ನಿನ್ನೆ ಸಂಜೇನೇ ಸಂತಾಪ ಸೂಚಿಸಿ ಉತ್ತರಾನೂ ಬರೆದಿದ್ದಾರೆ. ಈಗ ನಾನು ಏನಂತ ಬರೀಲಿ?"

"ಸತ್ತಿಲ್ಲ ಅಂತ ಬರೀರಿ."

"ಅವರು ಖರ್ಚು ಹಾಕಿ ಸಂತಾಪ ಸಭೆ ಮಾಡಿದ್ದಾರೆ. ಈಗ ಹಾಗೆ ಬರೆಯೋಕಾಗುತ್ತಾ?"

ಸೌಟಕ್ಕ ಅಡುಗೆಮನೆಯ ಬಾಗಿಲಿಗೆ ಹೋದಳು. ನಡುವಿನ ಒಲೆಯ ಮುಂದೆ ಓರಗಿತ್ತಿ ಬೆನ್ನು ತೋರಿಸಿ ನಿಂತಿದ್ದಳು.

"ನಾನು ಸತ್ತಿಲ್ಲ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ನನ್ನನ್ನ ಯಾರೂ ಕೇಳ್ಲಿಲ್ಲ ಅಕ್ಕ. ಕೇಳಿದ್ರೆ ಹೇಳ್ತಿದ್ದೆ."

"ಕೇಳಿದ್ರೆ ಹೇಳ್ತಿದ್ಲಂತೆ. ಈರುಳ್ಳಿ ಎಷ್ಟು ಖರ್ಚಾಯ್ತು?"

"ನೀನು ಟೀವೀಲಿ ಮೆರೀತಿದ್ದಾಗ ಈ ಹೊಗೆ ಕುಡಿದವಳು ನಾನು. ಬಾ ಅಂದಾಗ ಬರೋಕೆ, ಹೋಗು ಅಂದಾಗ ಹೋಗೋಕೆ ನಾನೇನು ಬಾಡಿಗೆ ಸೈಕಲ್ಲಾ?"

ಜಗಳ ಕಾವೇರುತ್ತಿದ್ದಾಗ, ರಜೆಗೆ ಮನೆಗೆ ಹೋದಾಗಲೆಲ್ಲ ಟಿ.ವಿ. ನೋಡಿ ಬರುತ್ತಿದ್ದ ದೊಡ್ಡ ಹುಡುಗಿಯರು ವಾರ್ಡನ್ನಮ್ಮನಿಗೆ ದಾರಿ ತೋರಿಸಿದರು. ಇಬ್ಬರೂ ಮಧ್ಯಾಹ್ನದ ಅಡುಗೆ ಮಾಡಲಿ, ನಾವು ತಿಂದು ಕೈ ಎತ್ತುತ್ತೇವೆ, ಒಬ್ಬರು ಎಲಿಮಿನೇಟ್. ನಿಯಮವೂ ಮುರಿಯಬಾರದು, ನಿರ್ಧಾರವೂ ತನ್ನದಾಗಬಾರದು ಎಂದು ಒದ್ದಾಡುತ್ತಿದ್ದ ವಾರ್ಡನ್ನಮ್ಮ ಹೂಂ ಎಂದುಬಿಟ್ಟರು.

ಇಬ್ಬರಿಗೂ ಅದೇ ಬೀನ್ಸು, ಅದೇ ಅಕ್ಕಿ. ಓರಗಿತ್ತಿ ಜಾಣೆ, ಟಿ.ವಿ.ಯಲ್ಲಿ ಕಲಿತಂತೆ ಪ್ರತಿ ತಟ್ಟೆಯ ಮೇಲೂ ಒಂದು ಸೊಪ್ಪಿನ ಎಲೆ ನಿಲ್ಲಿಸಿದಳು. ಅದೇ ಅವಳಿಗೆ ಮುಳುವಾಯಿತು. ದಿನಾ ಹೊಟ್ಟೆಗೆ ತಿನ್ನುತ್ತಿದ್ದ ಹುಡುಗಿಯರು ಆ ಎಲೆ ಕಂಡದ್ದೇ ತೀರ್ಪುಗಾರರಾಗಿಬಿಟ್ಟರು. ಒಬ್ಬಳು ಕಣ್ಣು ಮುಚ್ಚಿ ಅಗಿದಳು. ಇನ್ನೊಬ್ಬಳು ಬೀನ್ಸನ್ನು ಮೂಸಿ, "ಬಣ್ಣ ಇದೆ, ಆದ್ರೆ ಇದ್ರಲ್ಲಿ ಕಥೆ ಇಲ್ಲ" ಎಂದಳು.

"ಕಥೆ ಬೇಕಾದ್ರೆ ಪುಸ್ತಕ ತಿನ್ನು" ಎಂದಳು ಓರಗಿತ್ತಿ.

ಸೌಟಕ್ಕನ ತಟ್ಟೆಯಲ್ಲಿ ಎಲೆಯೂ ಇಲ್ಲ, ಕಥೆಯೂ ಇಲ್ಲ. ಆದರೆ ಅವಳು ಸತ್ತು ಬದುಕಿ ಬಂದವಳು, ಆ ಕಥೆಯನ್ನು ಮೀರಿಸುವುದು ಹೇಗೆ? ಕೈಗಳು ಅವಳ ಕಡೆಗೇ ಎದ್ದವು. ಬೀನ್ಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ಎತ್ತರದ ಹುಡುಗಿಯೊಬ್ಬಳು ಎದ್ದು ನಿಂತು, ಗುಂಗುರು ಕೂದಲಿನ ಮೇಡಮ್ಮನಂತೆಯೇ ಕತ್ತು ಓರೆ ಮಾಡಿ, "ಚಿಕ್ಕಕ್ಕಾ, ಈ ಅಡುಗೆಮನೆಯಲ್ಲಿ ನಿಮ್ಮ ಪಯಣ ಇಲ್ಲಿಗೆ ಮುಗಿಯಿತು" ಎಂದಳು.

ಹಿಂದಿನ ದಿನ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿದ್ದ ಓರಗಿತ್ತಿಗೆ ಈಗ ಅದರ ಇನ್ನೊಂದು ಅರ್ಥವೇ ಕೇಳಿಸಿತು.

"ಬಾಯಿ ತೊಳ್ಕೋ ಹುಡುಗಿ. ಮೂರು ಮಕ್ಕಳ ತಾಯಿ ನಾನು."

ಅವಳು ಅಡುಗೆಗೆಂದು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಮಡಿಸತೊಡಗಿದಳು. ಮಡಿಕೆ ಸರಿಯಾಗಿ ಬರುತ್ತಿರಲಿಲ್ಲ.

ಸೌಟಕ್ಕ ಸುಮ್ಮನಿದ್ದರೆ ಮುಗಿದಿತ್ತು. ಅವಳೂ ಸುಳ್ಳು ಹೇಳಬೇಕಾಗಿರಲಿಲ್ಲ, ಯಾರೂ ಅವಳನ್ನೂ ಏನೂ ಕೇಳಿರಲಿಲ್ಲ. ಒಲೆ ಕೈಗೆ ಬಂದಿತ್ತು. ಆದರೆ ದೀಪಗಳ ಕೆಳಗೆ, ಪಿಟೀಲಿನ ಎದುರು ತಾನು ಹೀಗೆಯೇ ಬಟ್ಟೆ ಮಡಿಸಿದ್ದು ಅವಳ ಕೈಗೆ ನೆನಪಿತ್ತು.

"ಕೂತ್ಕೊಂಡು ತಿನ್ನಿ ಎಲ್ಲಾರೂ" ಎಂದಳು ಹುಡುಗಿಯರಿಗೆ. "ತುತ್ತು ಬಾಯಲ್ಲಿಟ್ಕೊಂಡು ಆಡೋ ಮಾತಲ್ಲ ಅದು." ಆಮೇಲೆ ವಾರ್ಡನ್ನಮ್ಮನ ಕಡೆ ತಿರುಗಿ, "ಆದೇಶ ಅವಳ ಹೆಸರಲ್ಲೇ ಇರ್ಲಿ. ಮಧ್ಯಾಹ್ನ ಅವಳು ಮಾಡ್ಲಿ, ರಾತ್ರಿ ಊಟ ನಾನು ಮಾಡ್ತೀನಿ. ನನ್ನನ್ನ ಹೊಸಬಳು ಅಂತ ಬರ್ಕೊಳ್ಳಿ" ಎಂದಳು.

ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅರ್ಧ ಒಲೆ ಹೋಯಿತು. ಆದರೆ ವಾರ್ಡನ್ನಮ್ಮ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು, ಓರಗಿತ್ತಿ ಸೊಂಟದ ಬಟ್ಟೆ ಮತ್ತೆ ಕಟ್ಟಿಕೊಂಡಿದ್ದಳು.

ಅಂದು ಸಂಜೆ ಸೌಟಕ್ಕ ನಡುವಿನ ಒಲೆ ಹಚ್ಚಿದಾಗ ಓರಗಿತ್ತಿ ಅಕ್ಕಿ ಮೂಟೆಯ ಮೇಲೆ ಕೂತೇ ಇದ್ದಳು.

"ನಿನ್ನ ಸರದಿ ಮುಗೀತಲ್ಲ, ಮಕ್ಕಳು ಕಾಯ್ತಿರ್ತಾರೆ, ಹೊರಡು."

"ಹೊರಡ್ತೀನಿ. ಹೊಸಬಳು ಹೇಗೆ ಕೆಲ್ಸ ಮಾಡ್ತಾಳೆ ಅಂತ ನೋಡ್ಬೇಕಲ್ಲ. ಹಿರಿಯಳು ನಾನೇ ಈಗ."

"ನೋಡು. ನೋಡ್ತಾ ನೋಡ್ತಾ ಆ ಟೊಮೇಟೊ ಹೆಚ್ಚು."

"ನನಗ್ಯಾಕೆ ಹೇಳ್ತೀಯ, ನಾನು ಹಿರಿಯಳು ಅಂದ್ನಲ್ಲ" ಎಂದು ಗೊಣಗುತ್ತಾ ಓರಗಿತ್ತಿ ಈಳಿಗೆಮಣೆ ಎಳೆದುಕೊಂಡಳು.